ಡೆವೈನರ ಟ್ಯಾಂಕಿಗೆ ಐನೂರು ಲೀಟರ್

ಫಿಲೊಮಿನಾ ಮೆಕಲೀರ್‌ಳ ಮನೆಯಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಎಣ್ಣೆ ಬಾಯ್ಲರ್ ಬೆಳಿಗ್ಗೆ ಒಂದು ಗಂಟೆ ಉರಿಯುತ್ತಿತ್ತು, ಸಂಜೆ ಒಂದು ಗಂಟೆ ಉರಿಯುತ್ತಿತ್ತು. ಅದರಾಚೆ ಚಳಿಯಾಗುವವರು ಇನ್ನೊಂದು ಸ್ವೆಟರ್ ಹಾಕಿಕೊಳ್ಳಬೇಕು. ಹಾಕಿಕೊಂಡೂ ಚಳಿಯಾದರೆ ಎದ್ದು ಏನಾದರೂ ಕೆಲಸ ಮಾಡಬೇಕು. ಗಂಟೆ ಗೊತ್ತುಮಾಡುವ ಗುಂಡಿ ಇದ್ದದ್ದು ಮೆಟ್ಟಿಲ ತಲೆಯಲ್ಲಿ, ಬಟ್ಟೆ ಬೆಚ್ಚಗಿಡುವ ಬೀರುವಿನೊಳಗೆ, ಟವೆಲ್ಲುಗಳ ಹಿಂದೆ. ಅದನ್ನು ಮುಟ್ಟುವ ಅಧಿಕಾರ ಒಬ್ಬಳಿಗೇ. ಸೊಸೆ ಬ್ರೋನಾ ಹನ್ನೊಂದು ವರ್ಷದಲ್ಲಿ ಎರಡೇ ಸಲ ಮುಟ್ಟಿದ್ದಳು. ಎರಡು ಸಲವೂ ಅತ್ತೆಗೆ ಅದು ಹೇಗೋ ಗೊತ್ತಾಗಿ, ವಾರವಿಡೀ ಊಟದ ಮೇಜಿನಲ್ಲಿ ಸೀಮೆಎಣ್ಣೆಯ ಬೆಲೆ ಬಿಟ್ಟು ಬೇರೆ ಮಾತಿರಲಿಲ್ಲ.

ಒಂದು ಚಳಿಗಾಲ ಕಳೆಯಲಿ, ಅಷ್ಟರಲ್ಲಿ ನಮ್ಮದೇ ಮನೆ ನೋಡಿಕೊಳ್ಳೋಣ ಎಂದು ಹೇಳಿ ಗಂಡ ಡೆಕ್ಲನ್ ಅವಳನ್ನು ತಾಯಿಯ ಮನೆಗೆ ಕರೆತಂದಿದ್ದ. ಆಗ ಮಗಳು ಓರ್ಲಾಗೆ ಆರು ವರ್ಷ. ಈಗ ಹದಿನೇಳು. ಬ್ರೋನಾಗೆ ನಲವತ್ತನಾಲ್ಕಾಯಿತು. ಡ್ರಮ್ನಕಿಲ್ಲಿಯ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ದಿನಾ ನೂರಿಪ್ಪತ್ತು ಮಕ್ಕಳಿಗೆ ಊಟ ಬಡಿಸಿ ಮನೆಗೆ ಬಂದರೆ, ಇಲ್ಲಿ ಪಾತ್ರೆಯ ಮುಚ್ಚಳ ತೆಗೆಯಲೂ ಅತ್ತೆಯ ಮುಖ ನೋಡಬೇಕು. ಅವಳಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ತನ್ನ ಕೈಯಿಂದ ಹೊತ್ತಿಸಿ ತನ್ನ ಕೈಯಿಂದ ಆರಿಸುವ ಒಂದು ಮನೆ ಬೇಕಿತ್ತು, ಅಷ್ಟೆ.

ಸೆಪ್ಟೆಂಬರಿನಲ್ಲಿ ಡೆವೈನರ ಮನೆ ಮಾರಾಟಕ್ಕೆ ಬಂತು. ಶಾಲೆಗೆ ನಡೆದು ಐದು ನಿಮಿಷ. ಅಣ್ಣ ಯೂನನ್, ತಂಗಿ ಅಸಂಪ್ಟಾ, ಇಬ್ಬರೇ ಅಲ್ಲಿದ್ದರು. ಇಬ್ಬರೂ ಮದುವೆಯಾದವರಲ್ಲ, ಅರವತ್ತು ದಾಟಿದವರು. ಮೂರು ವರ್ಷದ ಹಿಂದೆ ಯೂನನ್ ತಂಗಿಯನ್ನು ಒಂದು ಮಾತು ಕೇಳದೆ ಅಪ್ಪನ ಅಕಾರ್ಡಿಯನ್ನನ್ನು ಊರ ಬ್ಯಾಂಡಿನವರಿಗೆ ಕೊಟ್ಟುಬಿಟ್ಟಿದ್ದ. ಅಂದಿನಿಂದ ಮಾತು ಬಂದ್. ಕೊನೆಗೆ ಇಬ್ಬರೂ ಬೇರೆಯಾಗುವುದೆಂದು, ಮನೆ ಮಾರುವುದೆಂದು, ಅದನ್ನೂ ವಕೀಲರ ಮೂಲಕವೇ ತೀರ್ಮಾನಿಸಿಕೊಂಡಿದ್ದರು.

ಮನೆ ನೋಡಲು ಹೋದ ದಿನ ಒಳಗೆ ಹೊರಗಿಗಿಂತ ಹೆಚ್ಚು ಥಂಡಿಯಿತ್ತು. ಅಸಂಪ್ಟಾ ಕೋಟು ಹಾಕಿಕೊಂಡೇ ಒಲೆಯ ಮುಂದೆ ಕೂತಿದ್ದಳು. ಯೂನನ್ ಟೋಪಿ ತೆಗೆದಿರಲಿಲ್ಲ. ಬಾಯ್ಲರ್ ಹೊತ್ತಿಸಿ ತೋರಿಸುತ್ತೀರಾ ಎಂದು ಡೆಕ್ಲನ್ ಕೇಳಿದ.

"ಟ್ಯಾಂಕ್ ಮಾರ್ಚಿಂದ ಖಾಲಿ" ಎಂದ ಯೂನನ್. "ಈ ಸಲ ಎಣ್ಣೆ ತರಿಸೋ ಸರದಿ ಅವಳದು. ಹೇಳಿ ಅವಳಿಗೆ."

ಅವಳು ನಾಲ್ಕು ಹೆಜ್ಜೆ ದೂರದಲ್ಲಿದ್ದಳು. "ಹೋದ ಸಲ ತರಿಸಿದ್ದು ಯಾರು ಅಂತ ಅವನನ್ನೇ ಕೇಳಿ" ಎಂದಳು, ಬ್ರೋನಾಳ ಕಡೆ ನೋಡಿ.

ಬ್ರೋನಾ ಇಬ್ಬರಿಗೂ ತಲೆಯಾಡಿಸಿದಳು. ಮೊದಲು ಎಣ್ಣೆ ತರಿಸಿದವರು ಸೋತಂತೆ ಎಂಬ ಹಟದಲ್ಲಿ ಆರು ತಿಂಗಳು ಇಬ್ಬರೂ ನಡುಗುತ್ತ ಕೂತಿದ್ದರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮನೆ ತೋರಿಸಲು ಬಂದಿದ್ದ ಏಜೆಂಟ್ ಹುಡುಗ ಮಾತ್ರ ಏನೂ ಆಗದವನಂತೆ ಕಿಟಕಿಗಳ ಬಗ್ಗೆ ಹೇಳುತ್ತಿದ್ದ. ಬ್ರೋನಾ ಕಿಟಕಿ ನೋಡಲಿಲ್ಲ. ಅಡುಗೆಮನೆಯ ನಡುವೆ ನಿಂತು, ಇಲ್ಲಿ ಎಂಟು ಜನ ಕೂರುವ ಮೇಜು ಹಿಡಿಸುತ್ತದೆ ಎಂದು ಮನಸ್ಸಿನಲ್ಲೇ ಅಳತೆ ಹಾಕಿದಳು. ಅವಳಿಗೆ ಆ ಮನೆ ಹಿಡಿಸಿಬಿಟ್ಟಿತು.

ಮನೆಗೆ ಬಂದ ಮೇಲೆ ಶುರುವಾಯಿತು ಗೊಂದಲ.

ಬೇಯಿಸಿದ ಹಂದಿಮಾಂಸ, ಎಲೆಕೋಸು ಮೇಜಿನ ಮೇಲಿತ್ತು. ಡೆಕ್ಲನ್ ಕಲ್ಲುಪುಡಿ ಯಂತ್ರಗಳ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವನು. ಯಂತ್ರ ಎಂದರೆ ಹೊಸದೇ ಆಗಿರಬೇಕು ಅವನಿಗೆ. ಓಮಾ ಪಟ್ಟಣದ ಹೊಸ ಬಡಾವಣೆಯಲ್ಲಿ ಗ್ಯಾಸ್ ಕೊಳವೆ ಬಂದಿದೆ, ಗುಂಡಿ ಒತ್ತಿದರೆ ಬಿಸಿ, ಟ್ಯಾಂಕ್ ಬೇಡ ಲಾರಿ ಬೇಡ, ಅಲ್ಲೊಂದು ಮನೆ ನೋಡೋಣ ಎಂದ. ಓರ್ಲಾ ಗ್ಯಾಸನ್ನೂ ಎಣ್ಣೆಯನ್ನೂ ಒಂದೇ ತಟ್ಟೆಗೆ ಹಾಕಿ ತಳ್ಳಿದಳು. ಇನ್ನು ಹತ್ತು ವರ್ಷಕ್ಕೆ ಎಣ್ಣೆ ಬಾಯ್ಲರನ್ನೇ ಸರ್ಕಾರ ನಿಲ್ಲಿಸಬಹುದು, ಆಗ ಆ ಮನೆಯನ್ನು ಯಾರ ತಲೆಗೆ ಕಟ್ಟುತ್ತೀರಿ ಎಂದು ಕೇಳಿದಳು. ಹೊರಗಿನ ಗಾಳಿಯಿಂದಲೇ ಶಾಖ ಎಳೆಯುವ ಪಂಪ್ ಹಾಕಿಸಿ ಎಂಬುದು ಅವಳ ವಾದ.

"ಹೊರಗಿನ ಗಾಳೀಲಿ ಶಾಖ ಎಲ್ಲಿದೆಯೇ?" ಎಂದಳು ಫಿಲೊಮಿನಾ. "ಬಾಗಿಲು ತೆಗೆದು ನೋಡು ಒಂದ್ಸಲ."

"ಗ್ರ್ಯಾನಿ, ಅದು ವಿಜ್ಞಾನ."

"ಇರಬಹುದು. ನನ್ನ ಎಣ್ಣೇಲಿ ಕೋಲು ಇಳಿಸಿದ್ರೆ ಎಷ್ಟಿದೆ ಅಂತ ಕಣ್ಣಿಗೆ ಕಾಣತ್ತೆ. ನಿನ್ನ ಗಾಳೀಲಿ ಕೋಲು ಇಳಿಸಿ ಎಷ್ಟಿದೆ ಹೇಳು."

ಎಲ್ಲರೂ ಬ್ರೋನಾಳ ಮುಖ ನೋಡಿದರು. ಅವಳಿಗೆ ಯಾರು ಮಾತಾಡಿದರೆ ಅವರದೇ ಸರಿ ಅನಿಸುತ್ತಿತ್ತು. ಡೆಕ್ಲನ್ ಹೇಳುವಾಗ ಗ್ಯಾಸ್, ಓರ್ಲಾ ಹೇಳುವಾಗ ಪಂಪ್, ಅತ್ತೆ ಬಾಯಿ ತೆರೆದರೆ ಎಣ್ಣೆ. ಆದರೆ ಕಣ್ಣು ಮುಚ್ಚಿದರೆ ಆ ಅಡುಗೆಮನೆಯೇ ಎದುರಿಗೆ ಬರುತ್ತಿತ್ತು. ಎರಡು ವಾರ ಹೀಗೆ ಮೀನಮೇಷ ಎಣಿಸಿ, ಕೇಳಿ ನೋಡು, ಕೇಳುವುದಕ್ಕೇನು ಎಂದು ಡೆಕ್ಲನ್ ಒಂದು ಬೆಳಿಗ್ಗೆ ಬಾಯಿಜಾರಿದ್ದೇ ತಡ, ಅವಳು ಶಾಲೆಯ ಅಡುಗೆಮನೆಯಿಂದಲೇ ಏಜೆಂಟಿಗೆ ಫೋನು ಮಾಡಿ ಬೆಲೆ ಹೇಳಿದಳು. ಮರುದಿನ ಒಪ್ಪಿಗೆ ಬಂತು. ಡೆವೈನರ ಗೇಟಿನ ಬಳಿಯ ಬೋರ್ಡಿನ ಮೇಲೆ 'ಮಾರಾಟ ಒಪ್ಪಿಗೆಯಾಗಿದೆ' ಎಂಬ ಕೆಂಪು ಪಟ್ಟಿ ಬಿತ್ತು.

ಆ ಪಟ್ಟಿಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಕಾಗದಕ್ಕೆ ಸಹಿ ಬೀಳುವ ತನಕ ಕೊಳ್ಳುವವನೂ ಹಿಂದೆಗೆಯಬಹುದು, ಮಾರುವವನೂ ಹಿಂದೆಗೆಯಬಹುದು. ಡೆಕ್ಲನ್‌ಗೆ ಇದು ಗೊತ್ತಿತ್ತು, ಬ್ರೋನಾಗೂ ಗೊತ್ತಿತ್ತು. ಫಿಲೊಮಿನಾಗೆ ಗೊತ್ತಿರಲಿಲ್ಲ. ಎಪ್ಪತ್ತೆಂಟು ವರ್ಷದಲ್ಲಿ ಅವಳು ಮನೆ ಕೊಂಡವಳೂ ಅಲ್ಲ, ಮಾರಿದವಳೂ ಅಲ್ಲ. ಮದುವೆಯಾಗಿ ಬಂದ ಮನೆಯಲ್ಲೇ ಇದ್ದವಳು.

ಅಕ್ಟೋಬರ್ ಕೊನೆಗೆ, ಮನೆಯ ಸ್ಥಿತಿ ಪರೀಕ್ಷಿಸಿ ಹೋಗಿದ್ದವನ ವರದಿ ಬಂತು. ಬಾಯ್ಲರಿಗೆ ಇಪ್ಪತ್ತಾರು ವರ್ಷ. ಟ್ಯಾಂಕ್ ಬಿಸಿಲಿಗೆ ಬಿಳಿಚಿ ಹೋಗಿದೆ, ಒಂದೇ ಪದರದ್ದು, ಹಿತ್ತಿಲ ತೊರೆಗೆ ತೀರ ಹತ್ತಿರವಿದೆ; ಸೋರಿದರೆ ನೀರು ಕೆಡುತ್ತದೆ, ಬದಲಿಸಬೇಕು. ಡೆಕ್ಲನ್ ವರದಿಯನ್ನು ಮೀನಿನ ತಟ್ಟೆಯ ಪಕ್ಕ ಇಟ್ಟುಕೊಂಡು ಗಟ್ಟಿಯಾಗಿ ಓದಿದ.

ಬೇಡ ಎನ್ನುತ್ತಾನೆಂದು ಬ್ರೋನಾ ಕಾದಳು. ಅವನು ಹಾಗನ್ನಲಿಲ್ಲ. ಇದನ್ನೇ ತೋರಿಸಿ ಬೆಲೆ ಇಳಿಸಬಹುದು, ಬಾಯ್ಲರ್ ಕೋಣೆ ದೊಡ್ಡದಿದೆ, ಅಲ್ಲೇ ನಾನೊಂದು ಕೆಲಸದ ಬೆಂಚು ಹಾಕಿಕೊಳ್ಳುತ್ತೇನೆ ಎಂದ. ಓರ್ಲಾ ಕೂಡ ತಿರುಗಿಬಿಟ್ಟಿದ್ದಳು. ಅಲ್ಲಿ ಅವಳಿಗೆ ಚಿಲಕವಿರುವ ಕೋಣೆ ಸಿಗುತ್ತಿತ್ತು. ಎರಡು ವರ್ಷದ ಮಟ್ಟಿಗೆ ಭೂಮಿ ಎಣ್ಣೆಯನ್ನು ತಡೆದುಕೊಳ್ಳಬಹುದು ಎಂದಳು. ಇಷ್ಟು ದಿನ ಬೇಕು ಬೇಕು ಎಂದು ಒಬ್ಬಳೇ ಹಾರಾಡಿದ ಬ್ರೋನಾಗೆ ಈಗ ಹೆದರಿಕೆ ಹತ್ತಿತು. ಇಂದೋ ನಾಳೆಯೋ ಸೋರುವ ಟ್ಯಾಂಕ್, ಕೆಡುವ ತೊರೆ, ಮುದಿ ಬಾಯ್ಲರ್. ಇಪ್ಪತ್ತೈದು ವರ್ಷದ ಸಾಲ ತೆಗೆದು ಇದನ್ನು ಕೊಳ್ಳುವುದೇ?

"ನಿನಗೆ ಬೇಕಾ ಬೇಡ್ವಾ, ಒಂದು ಹೇಳು" ಎಂದ ಡೆಕ್ಲನ್. "ನಾನು ಹೂಂ ಅಂದ್ರೆ ನೀನು ಊಹೂಂ ಅಂತೀಯ."

"ನಂಗೇ ಗೊತ್ತಾಗ್ತಿಲ್ಲ, ಡೆಕ್ಲನ್."

"ನಿಂಗೆ ಗೊತ್ತಾಗದೆ ಇದ್ರೆ ಇನ್ಯಾರಿಗೆ ಗೊತ್ತಾಗ್ಬೇಕು?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಫಿಲೊಮಿನಾ ಅಂದು ಒಂದು ಮಾತೂ ಆಡಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತೆ ಸುಮ್ಮನಿದ್ದಾಳೆಂದರೆ ಏನೋ ನಡೆಸುತ್ತಿದ್ದಾಳೆ ಎಂದು ಬ್ರೋನಾಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬೆಲೆಯ ವಿಷಯ ಏಜೆಂಟನ ಹತ್ತಿರ ಮಾತಾಡುತ್ತೇನೆ, ಎರಡು ವಾರ ಟೈಮ್ ಕೇಳುತ್ತೇನೆ ಎಂದು ಡೆಕ್ಲನ್ ಹೇಳಿದ್ದಕ್ಕೆ ಸರಿ ಎಂದಳು.

ಊರಿನ ಎಣ್ಣೆ ಕೂಟವನ್ನು ನಡೆಸುತ್ತಿದ್ದವಳು ಫಿಲೊಮಿನಾ. ಒಬ್ಬೊಬ್ಬರೇ ತರಿಸಿದರೆ ತುಟ್ಟಿ. ಡೆವೈನರೂ ಸೇರಿ ಇಪ್ಪತ್ತು ಮನೆಯವರು ಒಂದೇ ದಿನ ತರಿಸಿದರೆ ಲಾರಿಯವನು ಬೆಲೆ ಇಳಿಸುತ್ತಾನೆ. ಯಾವ ಮನೆಗೆ ಎಷ್ಟು ಲೀಟರ್ ಎಂದು ಇವಳು ಫೋನಿನಲ್ಲಿ ಹೇಳುವಳು, ದುಡ್ಡನ್ನೂ ಇವಳೇ ಕಟ್ಟಿ ಆಮೇಲೆ ಮನೆಮನೆಯಿಂದ ವಸೂಲಿ ಮಾಡುವಳು. ಲಾರಿಯವನು ಮನೆ ಮನೆಯ ಹಿತ್ತಿಲಿಗೆ ಕೊಳವೆ ಎಳೆದುಕೊಂಡು ಹೋಗಿ ತುಂಬಿಸುವನು. ಬಾಗಿಲು ತಟ್ಟುವ ಪದ್ಧತಿಯಿಲ್ಲ. ಸಂಜೆ ಎಲ್ಲ ರಸೀದಿಗಳನ್ನೂ ಒಟ್ಟಿಗೆ ತಂದು ಇವಳ ಕೈಗೆ ಕೊಟ್ಟು, ಒಂದು ಕಪ್ ಚಹಾ ಕುಡಿದು ಹೋಗುವನು. ನವೆಂಬರ್ ಎರಡನೆಯ ಗುರುವಾರ ಲಾರಿ ಬಂದು ಹೋಯಿತು.

ಅಂದು ಊಟಕ್ಕೆ ಕುರಿಮಾಂಸದ ಸ್ಟ್ಯೂ. ಫಿಲೊಮಿನಾ ಎಲ್ಲರಿಗೂ ತಾನೇ ಬಡಿಸಿದಳು. ಆಮೇಲೆ ಕೂತು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಬೆಲೆ ಈ ವರ್ಷದಲ್ಲೇ ಕಡಿಮೆ ಇತ್ತು, ಅದಕ್ಕೆ ಅಲ್ಲಿಗೂ ತುಂಬಿಸಿಬಿಟ್ಟೆ ಎಂದಳು.

"ಎಲ್ಲಿಗೆ?" ಎಂದ ಡೆಕ್ಲನ್.

"ನಿಮ್ಮ ಮನೆಗೆ. ಡೆವೈನರ ಮನೆಗೆ. ಐನೂರು ಲೀಟರ್."

ಓರ್ಲಾ ಚಮಚ ಬಾಯಲ್ಲಿಟ್ಟುಕೊಂಡೇ ನಗಲಾರಂಭಿಸಿ ಕೆಮ್ಮಿದಳು. ಡೆಕ್ಲನ್ ನಗಲಿಲ್ಲ.

"ಮಮ್ಮಿ, ಅದಿನ್ನೂ ನಮ್ಮ ಮನೆ ಅಲ್ಲ."

"ಬೋರ್ಡ್ ಹಾಕಿದಾರಲ್ಲೋ."

"ಬೋರ್ಡ್ ಹಾಕಿದ್ರೆ ಮನೆ ಆಗೋಯ್ತಾ? ನಾವು ಕೊಳ್ತೀವೋ ಇಲ್ವೋ ಅನ್ನೋದೇ ತೀರ್ಮಾನ ಆಗಿಲ್ಲ! ಅವರ ಟ್ಯಾಂಕ್ ಸರಿ ಇಲ್ಲ ಅಂತ ನಾನು ಅಲ್ಲಿ ಬೆಲೆ ಇಳಿಸ್ತಾ ಕೂತಿದೀನಿ, ನೀನು ಇಲ್ಲಿಂದ ಅದೇ ಟ್ಯಾಂಕ್ ತುಂಬಿಸ್ತಿದೀಯ."

ಮುದುಕಿಯ ಕೈಯಲ್ಲಿದ್ದ ಚಾಕು ನಿಂತಿತು. ತಪ್ಪು ಮಾಡಿದೆನೆಂದು ಅವಳಿಗೆ ತಿಳಿಯಿತು, ಆದರೆ ಒಪ್ಪಿಕೊಂಡು ಅಭ್ಯಾಸವಿರಲಿಲ್ಲ. ಲಾರಿಯವನಿಗೆ ಹೇಳಿ ವಾಪಸು ಎಳೆಸುತ್ತೇನೆ ಎಂದಳು. ಟ್ಯಾಂಕಿಗೆ ಬಿದ್ದದ್ದನ್ನು ಅವರು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಕೂಟ ನಡೆಸುವ ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಮನೆ ಕೊಂಡುಬಿಡಿ, ಎಣ್ಣೆ ದಂಡವಾಗುವುದಿಲ್ಲ ಎಂದಳು.

"ಐನೂರು ಲೀಟರ್ ಎಣ್ಣೆಗೋಸ್ಕರ ಮನೆ ಕೊಳ್ಳೋದಾ?" ಡೆಕ್ಲನ್ ಕುರ್ಚಿ ಹಿಂದೆ ತಳ್ಳಿ ಹೊರಗೆ ಹೋದ.

ಬ್ರೋನಾಗೆ ಬೇರೆಯೇ ಒಂದು ಯೋಚನೆ ಕೊರೆಯುತ್ತಿತ್ತು. ಪಾತ್ರೆ ತೊಳೆಯುವಾಗ, ಅತ್ತೆ ಪಕ್ಕದಲ್ಲಿ ಬಟ್ಟೆ ಹಿಡಿದು ಒರೆಸುತ್ತಿರುವಾಗ, ಅದನ್ನು ಕೇಳಿಯೇಬಿಟ್ಟಳು. ಮಗಳಂತೆ ಅವಳೂ ಅತ್ತೆಯನ್ನು ಗ್ರ್ಯಾನಿ ಎಂದೇ ಕರೆಯುತ್ತಿದ್ದಳು.

"ಗ್ರ್ಯಾನಿ, ಇಲ್ಲಿ ಒಂದು ಗಂಟೆ ಹೆಚ್ಚಿಗೆ ಉರಿಸಿದ್ರೆ ವಾರ ಮುಖ ಗಂಟು ಹಾಕ್ಕೊಳ್ತೀರ. ಅಲ್ಲಿಗೆ ಐನೂರು ಲೀಟರ್ ಯಾಕೆ ಹಾಕಿಸಿದ್ರಿ? ನಾವು ಬೇಗ ತೊಲಗಲಿ ಅಂತಾನಾ?"

ಫಿಲೊಮಿನಾ ಒಂದು ತಟ್ಟೆಯನ್ನು ಒರೆಸಿದ್ದನ್ನೇ ಒರೆಸಿದಳು.

"ನಾನು ಮದ್ವೆ ಆಗಿ ಈ ಮನೆಗೆ ಬಂದಾಗ ಫೆಬ್ರವರಿ. ಒಲೇಲಿ ಬೂದಿ ಬಿಟ್ರೆ ಏನಿರ್ಲಿಲ್ಲ. ನಮ್ಮತ್ತೆ ನಾನು ಬರ್ತೀನಂತ ಗೊತ್ತಿದ್ರೂ ಒಂದು ಕೊಳ್ಳಿ ಹೊತ್ತಿಸಿರ್ಲಿಲ್ಲ. ಮೂರು ದಿನ ಕೋಟು ಬಿಚ್ಚದೆ ಓಡಾಡಿದೆ ಮಗಳೇ. ನೀನು ಹೋಗೋ ಮನೆ ತಣ್ಣಗಿರಬಾರದು ಅಂತ. ಅಷ್ಟೆ."

ಬ್ರೋನಾ ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡೇ ಹನ್ನೊಂದು ವರ್ಷ ಕಳೆದಿದ್ದಳು. ಆ ಸಿಟ್ಟನ್ನು ಈಗ ಎಲ್ಲಿಡುವುದೆಂದು ತಿಳಿಯದೆ ಅವಳಿಗೆ ಅಳು ಬಂತು. ಅದು ಕಾಣದಿರಲೆಂದು ತೊಳೆದ ಬಾಣಲೆಯನ್ನೇ ಮತ್ತೆ ತೊಳೆದಳು.

ಶನಿವಾರ ಬೆಳಿಗ್ಗೆ ಅವಳು ವಿಷಯ ತಿಳಿಸಿಬರಲು ಡೆವೈನರ ಮನೆಗೆ ಹೋದಳು. ಹೇಳುವುದು ಸುಲಭವಿತ್ತು: ಅತ್ತೆ ತಪ್ಪಿ ತುಂಬಿಸಿದ್ದಾಳೆ, ನಾವು ಮನೆ ಕೊಂಡರೆ ಸರಿ, ಕೊಳ್ಳದಿದ್ದರೆ ಎಣ್ಣೆಗೇನಾದರೂ ಒಂದು ದಾರಿ ಮಾಡೋಣ. ದಾರಿಯಲ್ಲಿ ಎರಡು ಸಲ ಹೇಳಿಕೊಂಡೂ ನೋಡಿದಳು.

ಬಾಗಿಲು ತೆರೆದಾಗ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಅಸಂಪ್ಟಾ ಕೋಟಿಲ್ಲದೆ, ಹೂವಿನ ಅಂಗಿಯಲ್ಲಿ ನಿಂತಿದ್ದಳು, ಕೆನ್ನೆ ಕೆಂಪಾಗಿತ್ತು. ಯೂನನ್ ಬರಿತಲೆಯಲ್ಲಿ ಮೇಜಿನ ಮುಂದೆ ಕೂತು ಪೇಪರ್ ಓದುತ್ತಿದ್ದ. ಗೋಡೆಯ ಬಿಸಿ ರೇಡಿಯೇಟರಿನ ಮೇಲೆ ಅವನ ಕಾಲುಚೀಲ, ಅವಳ ಕೈಗವಸು, ಒಗೆದ ದಿಂಬಿನ ಚೀಲ, ಎಲ್ಲ ಒಟ್ಟಿಗೆ ಒಣಗುತ್ತಿದ್ದವು.

"ಯೂನನ್, ಕಪ್ ಇಳಿಸೋ" ಎಂದಳು ಅಸಂಪ್ಟಾ.

"ನೀಲೀದಾ ಬಿಳೀದಾ?"

"ಬಿಳೀದು. ಬಂದವರಿಗೆ ನೀಲೀದು ಕೊಡ್ತಾರಾ ಯಾರಾದ್ರೂ?"

ಬ್ರೋನಾ ಕುರ್ಚಿಯಲ್ಲಿ ಕೂತವಳು ಇಬ್ಬರ ಮುಖವನ್ನೂ ನೋಡಿದಳು. ಮೂರು ವರ್ಷ ಮಾತಿಲ್ಲದವರು ಕಪ್ಪಿನ ಬಣ್ಣದ ಮೇಲೆ ಜಗಳವಾಡುತ್ತಿದ್ದರು. ಅವಳಿಗೆ ಅರ್ಥವಾಗಲು ಒಂದು ಕಪ್ ಚಹಾ ಮುಗಿಯಬೇಕಾಯಿತು. ಗುರುವಾರ ಲಾರಿ ಬಂದಾಗ ಇಬ್ಬರೂ ಮನೆಯಲ್ಲೇ ಇದ್ದರು. ಇವನು ಮೇಲಿನ ಕಿಟಕಿಯಿಂದ ನೋಡಿದ, ಅವಳು ಕೆಳಗಿನ ಕಿಟಕಿಯಿಂದ ನೋಡಿದಳು. ತಂಗಿ ಸೋತಳೆಂದು ಅವನು ತಿಳಿದ, ಅಣ್ಣ ಸೋತನೆಂದು ಅವಳು ತಿಳಿದಳು. ಸೋತವರ ಮುಂದೆ ಇನ್ನೂ ಬಿಗಿದುಕೊಂಡಿರಲು ಇಬ್ಬರಿಗೂ ನಾಚಿಕೆಯಾಯಿತು. ಹೇಗೆ ಗೊತ್ತಾಯಿತೆಂದರೆ, ಯೂನನ್ ಬಿಸ್ಕತ್ತು ತರಲು ಒಳಗೆ ಹೋದಾಗ ಅಸಂಪ್ಟಾ ಬಗ್ಗಿ, ಅವನೇ ತರಿಸಿದ್ದು ಕಣಮ್ಮ, ಆದರೆ ಬಾಯಿ ಬಿಡುತ್ತಿಲ್ಲ, ನಾನೂ ಕೇಳಲು ಹೋಗಿಲ್ಲ ಎಂದು ಪಿಸುಗುಟ್ಟಿದಳು. ಅಣ್ಣನೂ ತಂಗಿಯ ಬಗ್ಗೆ ಹೀಗೆಯೇ ತಿಳಿದಿರಬೇಕೆಂದು ಊಹಿಸುವುದು ಕಷ್ಟವಿರಲಿಲ್ಲ.

ಬ್ರೋನಾ ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡು ಮನೆಗೆ ಬಂದಳು. ಹೇಳಿದೆಯಾ ಎಂದು ಡೆಕ್ಲನ್ ಕೇಳಿದಾಗ ನಡೆದದ್ದನ್ನೆಲ್ಲ ವಿವರಿಸಿದಳು. ಅವನು ತಲೆ ಚಚ್ಚಿಕೊಂಡ. ಫಿಲೊಮಿನಾ ಮಾತ್ರ, ದಿನಕ್ಕೆ ಎಷ್ಟು ಗಂಟೆ ಉರಿಸುತ್ತಿದ್ದಾರೆ ಎಂದು ಕೇಳಿದಳು. ಎಲ್ಲ ಕೋಣೆಯೂ ಬಿಸಿಯಾಗಿತ್ತು ಎಂದಾಗ, ನನ್ನ ಪಿಂಚಣಿ ದುಡ್ಡು ಕಣೇ ಅದು, ನಾನೇ ಹೋಗಿ ಕೇಳುತ್ತೇನೆ ಎಂದು ಹಾರಾಡಿದಳು. ಭಾನುವಾರ ಚರ್ಚಿನಲ್ಲಿ ಸಿಗುತ್ತಾರಲ್ಲ, ಅಲ್ಲೇ ಎಲ್ಲರ ಮುಂದೆ ಕೇಳುತ್ತೇನೆ ಎಂದಳು.

ಭಾನುವಾರ ಪೂಜೆ ಮುಗಿದ ಮೇಲೆ ಅವಳು ಕಾರಿಗೆ ತಡವಾಗಿ ಬಂದಳು. ಕೇಳಿದಿರಾ ಎಂದರೆ, ಜನ ಇದ್ದರು ಎಂದಷ್ಟೇ ಹೇಳಿ ಬೆಲ್ಟ್ ಹಾಕಿಕೊಂಡಳು.

ಸೋಮವಾರ ಬ್ರೋನಾ ಶಾಲೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದಾಗ ಏಜೆಂಟ್ ಫೋನು ಮಾಡಿದ. ಡೆವೈನರು ಮನೆ ಮಾರುವುದಿಲ್ಲವಂತೆ. ಕಾರಣ ಹೇಳಲಿಲ್ಲ, ಕ್ಷಮಿಸಿ ಎಂದರು ಅಷ್ಟೆ. ಅವಳು ಸರಿ ಎಂದು ಫೋನಿಟ್ಟಳು. ಕ್ಯಾರೆಟ್ ಹೆಚ್ಚುವುದನ್ನು ಮುಂದುವರಿಸಿದಳು. ಎರಡು ತಿಂಗಳಿಂದ ಬೇಕೋ ಬೇಡವೋ ಎಂದು ತೂಗಾಡುತ್ತಿದ್ದ ಮನಸ್ಸು ಆ ಕ್ಷಣಕ್ಕೆ ಸ್ಪಷ್ಟವಾಯಿತು. ಅವಳಿಗೆ ಆ ಮನೆ ಬೇಕಾಗಿತ್ತು. ಬಿಳಿಚಿದ ಟ್ಯಾಂಕೂ ಮುದಿ ಬಾಯ್ಲರೂ ಸಮೇತ ಬೇಕಾಗಿತ್ತು. ಇಷ್ಟು ಬೇಕಾಗಿತ್ತೆಂದು ಕೈತಪ್ಪಿದ ಮೇಲೇ ತಿಳಿದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಸಂಜೆ ಡೆಕ್ಲನ್ ಕೂಗಾಡಿದ. ನಮ್ಮ ಎಣ್ಣೆಯಲ್ಲಿ ಬೆಚ್ಚಗೆ ಕೂತು ನಮಗೇ ಮನೆ ಇಲ್ಲ ಎನ್ನುತ್ತಾರೆ ಎಂದ.

"ನಿಜ ಹೇಳಿದ್ರೆ ಮುಗೀತು, ಬ್ರೋನಾ. ಮರುದಿನವೇ ಮತ್ತೆ ಮಾತು ಬಿಡ್ತಾರೆ, ವಾರದಲ್ಲಿ ಬೋರ್ಡ್ ಹಾಕ್ತಾರೆ. ನೀನು ಸುಳ್ಳು ಹೇಳ್ಬೇಕಾಗಿಲ್ಲ. ಇರೋದನ್ನ ಹೇಳು ಸಾಕು."

ಓರ್ಲಾ ತಾಯಿಯನ್ನೂ ತಂದೆಯನ್ನೂ ನೋಡಿದಳು. ಅಪ್ಪ ಹೇಳುತ್ತಿರುವುದು ಸರಿಯಿದೆ, ಆದರೆ ಕೇಳಲು ಕೆಟ್ಟದಾಗಿದೆ ಎಂದಳು. ಫಿಲೊಮಿನಾ ಯಾರ ಕಡೆಗೂ ನೋಡದೆ ಚಹಾ ಕುಡಿಯುತ್ತಿದ್ದಳು.

ಎರಡು ದಿನ ಬ್ರೋನಾ ತಲೆ ಕೆಡಿಸಿಕೊಂಡಳು. ಡೆಕ್ಲನ್ ಹೇಳಿದ್ದರಲ್ಲಿ ತಪ್ಪೇನು? ನಿಜ ಹೇಳುವುದು ಪಾಪವೇ? ಅವರದೇನೂ ಕದಿಯುತ್ತಿಲ್ಲ. ಹನ್ನೊಂದು ವರ್ಷ ಕಾದಿದ್ದೇನೆ, ನನಗೂ ಒಂದು ಮನೆ ಬೇಡವೇ? ಬುಧವಾರ ಶಾಲೆ ಬಿಟ್ಟ ಮೇಲೆ ಏಪ್ರನ್ ಬಿಚ್ಚಿಟ್ಟು, ಹೇಳಿಯೇ ಬಿಡುತ್ತೇನೆಂದು ಹೊರಟಳು.

ಯೂನನ್ ಗೇಟಿನ ಬಳಿ ಇದ್ದ. ಬೋರ್ಡಿನ ಕಂಬ ಕಿತ್ತ ಗುಂಡಿಗೆ ಸಲಿಕೆಯಲ್ಲಿ ಮಣ್ಣು ತುಂಬುತ್ತಿದ್ದ. ಅವಳನ್ನು ಕಂಡು ಸಲಿಕೆ ನೆಟ್ಟು ಟೋಪಿ ತೆಗೆದ.

"ನಿಮಗೆ ಮುಖ ತೋರಿಸೋಕೆ ನಾಚಿಕೆ ಆಗತ್ತಮ್ಮ. ಮಾತು ಕೊಟ್ಟು ಹಿಂದೆಗೆದ್ವಿ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಬಂದ ವಿಷಯ ಎತ್ತುವಷ್ಟರಲ್ಲಿ ಅವನೇ ಮುಂದುವರಿಸಿದ.

"ಮೂರು ವರ್ಷ ಅವಳು ಸೋಲಲಿ ಅಂತ ಕಾಯ್ತಿದ್ದೆ, ಹಾಳಾದವನು ನಾನು. ಕೊನೆಗೆ ಒಂದು ಮಾತೂ ಎತ್ತದೆ ಟ್ಯಾಂಕ್ ತುಂಬಿಸಿದ್ದಾಳೆ. ಅಕಾರ್ಡಿಯನ್ ವಿಷಯಕ್ಕೆ ನಾನು ಕ್ಷಮೆ ಕೇಳಿದೆ ಮೊನ್ನೆ. ಅತ್ಲು. ಇನ್ನು ಅವಳ ತಲೆ ಮೇಲಿನ ಸೂರು ಹೇಗೆ ಮಾರ್ಲಿ ಹೇಳಿ?"

ಅಡುಗೆಮನೆಯ ಕಿಟಕಿಯಲ್ಲಿ ಅಸಂಪ್ಟಾ ಹಿಟ್ಟು ನಾದುತ್ತಿರುವುದು ಕಾಣುತ್ತಿತ್ತು.

"ಆದ್ರೆ ನನಗೊಂದು ಅನುಮಾನ" ಎಂದ ಯೂನನ್, ದನಿ ತಗ್ಗಿಸಿ. "ಅವಳು ಅಷ್ಟು ಸುಲಭಕ್ಕೆ ಬಗ್ಗೋ ಜಾತಿಯಲ್ಲ. ಅವಳನ್ನ ಕೇಳಿದ್ರೆ ಅವಮಾನ ಆಗತ್ತೆ, ಕೇಳಲಾರೆ. ರಸೀದಿ ಎಲ್ಲ ನಿಮ್ಮತ್ತೆ ಹತ್ರ ಇರತ್ತಲ್ಲ, ನಿಮಗೆ ಗೊತ್ತಿರತ್ತೆ. ಅಸಂಪ್ಟಾನೇ ತಾನೆ ಹೇಳಿ ತರಿಸಿದ್ದು?"

ಅವಳು ಹೇಳಬೇಕಾಗಿದ್ದದ್ದು 'ಅಲ್ಲ' ಎಂಬ ಒಂದೇ ಮಾತು. ಅವಳ ಎಂಟು ಜನರ ಮೇಜು, ಓರ್ಲಾಳ ಕೋಣೆ, ಡೆಕ್ಲನ್‌ನ ಬೆಂಚು ಎಲ್ಲ ಆ ಒಂದು ಮಾತಿನ ಹಿಂದೆ ಸಾಲಾಗಿ ನಿಂತಿದ್ದವು. ಕೇಳಿದವನೂ ಅವನೇ, ನಿಜವೂ ಅದೇ. ಅವಳು ಅವನ ಬೋಳುತಲೆಯನ್ನು, ಕೈಯಲ್ಲಿ ಹಿಂಡುತ್ತಿದ್ದ ಟೋಪಿಯನ್ನು ನೋಡಿದಳು.

"ಹೌದು, ಅಸಂಪ್ಟಾ ಅವರೇ" ಎಂದಳು. "ಯಾರಿಗೂ ಹೇಳ್ಬೇಡಿ ಅಂದಿದ್ರಂತೆ. ನೀವೂ ಕೇಳೋಕೆ ಹೋಗ್ಬೇಡಿ."

"ಇಲ್ಲ ಇಲ್ಲ" ಎಂದು ಅವನು ಬೆನ್ನು ತಿರುಗಿಸಿ ಕಣ್ಣು ಒರೆಸಿಕೊಂಡ. ಒಳಗೆ ಬಂದು ಚಹಾ ಕುಡಿದು ಹೋಗಿ ಎಂದ. ಮನೆಯಲ್ಲಿ ಕೆಲಸವಿದೆ ಎಂದು ಅವಳು ಹೊರಟುಬಂದಳು. ದಾರಿಯುದ್ದಕ್ಕೂ ಅಳುತ್ತಲೇ ನಡೆದಳು. ಎದುರಿಗೆ ಸಿಕ್ಕ ಪಾದ್ರಿಗಳಿಗೆ ನೆಗಡಿ ಎಂದಳು.

ಮನೆಯಲ್ಲಿ ಫಿಲೊಮಿನಾ ಒಬ್ಬಳೇ ಇದ್ದಳು. ಮೇಜಿನ ಮೇಲೆ ಪೇಪರ್ ಹಾಸಿ ಆಲೂಗಡ್ಡೆ ಸುಲಿಯುತ್ತಿದ್ದಳು. ಬ್ರೋನಾ ಕೋಟೂ ಬಿಚ್ಚದೆ ಎದುರಿಗೆ ಕೂತಳು.

"ಗ್ರ್ಯಾನಿ, ಯೂನನ್ ಕೇಳಿದ್ರು. ಅಸಂಪ್ಟಾನೇ ತರಿಸಿದ್ದು ಅಂದ್ಬಿಟ್ಟೆ. ಡೆಕ್ಲನ್‌ಗೆ ಏನು ಹೇಳ್ಲಿ ಗೊತ್ತಾಗ್ತಿಲ್ಲ."

ಫಿಲೊಮಿನಾ ತಲೆ ಎತ್ತಿದಳು. ಬೈಗುಳಕ್ಕೆ ಬ್ರೋನಾ ಸಿದ್ಧಳಾಗಿದ್ದಳು.

"ಅಯ್ಯೋ ದೇವರೇ" ಎಂದಳು ಮುದುಕಿ ಮೆಲ್ಲಗೆ. "ನಾನು ಭಾನುವಾರ ಅಸಂಪ್ಟಾಗೆ ಯೂನನ್ನೇ ತರಿಸಿದ್ದು ಅಂತ ಹೇಳಿದೀನಿ."

"ನೀವಾ?"

"ದುಡ್ಡು ಕೇಳೋಣ ಅಂತಲೇ ಹೋದೆ. ನನ್ನ ಕೈ ಹಿಡ್ಕೊಂಡು, ನಮ್ಮಣ್ಣ ತರಿಸಿದ್ದು ಅಲ್ವಾ ಫಿಲೊಮಿನಾ ಅಂದ್ಲು. ಏನು ಮಾಡ್ಲಿ? ಹೂಂ ಅಂದೆ. ಚರ್ಚ್ ಬಾಗಿಲಲ್ಲೇ ಸುಳ್ಳು ಹೇಳ್ದೆ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

 ಡೆವೈನರು ಈಗ ಒಬ್ಬರಿಗೊಬ್ಬರು ಮಾತಾಡುತ್ತಾರಲ್ಲ, ಈ ಮಾತೂ ಬಂದರೆ ಗತಿಯೇನು ಎಂದು ಬ್ರೋನಾ ಕೇಳಿದಳು.

"ಬರಲ್ಲ. ಒಬ್ಬರ ಮಾನ ಒಬ್ಬರು ಕಾಯ್ತಾ ಕೂತಿದಾರೆ, ಪಾಪ." ಫಿಲೊಮಿನಾ ಒಂದು ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. ಇನ್ನೊಂದನ್ನು ಕೈಗೆತ್ತಿಕೊಂಡು, "ಮನೆ ಹೋಯ್ತಲ್ಲೇ ನಿಂದು" ಎಂದಳು.

"ಹೋಯ್ತು."

ಅದನ್ನು 'ನಿಮ್ಮ ಮನೆ' ಎನ್ನದೆ 'ನಿಂದು' ಎಂದವಳು ಅತ್ತೆಯೊಬ್ಬಳೇ ಎಂದು ಬ್ರೋನಾಗೆ ಅನಿಸಿತು. ಫಿಲೊಮಿನಾ ಎದ್ದು ಡ್ರಾಯರಿನಿಂದ ಇನ್ನೊಂದು ಚಾಕು ತಂದು ಅವಳ ಮುಂದಿಟ್ಟಳು. ಹೊರಗೆ ಡೆಕ್ಲನ್‌ನ ಕಾರು ಬಂದು ನಿಂತ ಸದ್ದಾಯಿತು. ಅವನು ಒಳಗೆ ಬಂದರೆ ಏನು ಹೇಳುವುದೆಂದು ಇಬ್ಬರಿಗೂ ತಿಳಿಯದೆ, ಇಬ್ಬರೂ ತಲೆ ಬಗ್ಗಿಸಿ ಸುಲಿಯತೊಡಗಿದರು. ಅಂದು ನಾಲ್ಕು ಜನರ ಊಟಕ್ಕೆ ಹತ್ತು ಜನರಿಗಾಗುವಷ್ಟು ಆಲೂಗಡ್ಡೆ ಬೆಂದಿತ್ತು.